ಕೆರೆಯೇರಿಯಲ್ಲಿ ಬೇಟೆಹಕ್ಕಿಗಳ ಲೆಕ್ಕ

ಹಸ್ತ ಮಳೆ ಮುಗಿದು, ಚಿತ್ತಾ ಮಳೆ ಸಂಜೆಯ ಗುಡುಗಿಗಷ್ಟೇ ಉಳಿದುಕೊಳ್ಳುವ ಹೊತ್ತಿಗೆ ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದಲ್ಲಿ ಆಕಾಶ ತೆರೆದುಕೊಳ್ಳುತ್ತದೆ. ಜೂನ್‌ನಿಂದ ಘಟ್ಟದ ಅಂಚನ್ನು ಬಿಡದೆ ಹಿಡಿದಿದ್ದ ಮೋಡ ಕರಗಿ, ಪಶ್ಚಿಮಕ್ಕೆ ಕಾಡು ಮಡಿಕೆ ಮಡಿಕೆಯಾಗಿ ಕರಾವಳಿಯತ್ತ ಇಳಿಯುವುದು ಕಾಣುತ್ತದೆ. ಪೂರ್ವಕ್ಕೆ, ಶಿರಸಿ ದಾಟಿ ಬನವಾಸಿಯ ಹಾದಿ ಹಿಡಿದರೆ ನೆಲದ ರೂಪವೇ ಬೇರೆ. ಅಲ್ಲಿ ಕಾಡು ಹಿಂದೆ ಸರಿದು, ತೆನೆ ಕಟ್ಟುತ್ತಿರುವ ಭತ್ತದ ಬಯಲು, ತುಂಬಿದ ಕೆರೆ, ಜೊಂಡು ಬೆಳೆದ ಜೌಗು. ಈ ಎರಡೂ ನೆಲಗಳ ಮೇಲೆ ಅದೇ ವಾರಗಳಲ್ಲಿ ಹೊಸ ರೆಕ್ಕೆಗಳು ಕಾಣಿಸಿಕೊಳ್ಳುತ್ತವೆ. ಕಝಾಕಸ್ತಾನದ ಹುಲ್ಲುಬಯಲು, ಸೈಬೀರಿಯದ ಜೌಗು, ಉತ್ತರ ಧ್ರುವದಂಚಿನ ತಂಡ್ರಾ ಬಿಟ್ಟು ಹೊರಟ ಬೇಟೆಹಕ್ಕಿಗಳು ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುತ್ತಿರುತ್ತವೆ. ಕೆಲವು ಇಲ್ಲೇ ಇಳಿಯುತ್ತವೆ. ಕೆಲವು ನೆತ್ತಿಯ ಮೇಲಿಂದ ದಾಟಿ ಅರಬ್ಬಿ ಸಮುದ್ರಕ್ಕೇ ಹೊರಡುತ್ತವೆ.

ಈ ಹಕ್ಕಿಗಳನ್ನು ನಾವು ಎಣಿಸಬೇಕು. ಒಂದು ಊರು, ಒಂದು ಕೆರೆಯೇರಿ, ಒಂದೇ ಕ್ರಮ ಹಿಡಿದು ಪ್ರತಿ ವರ್ಷ ಎಣಿಸಬೇಕು. ಈ ಲೇಖನದ ಒತ್ತಾಯ ಇಷ್ಟೇ. ಆದರೆ ಅದರ ಹಿಂದೆ ಜಗತ್ತಿನ ನಾಲ್ಕಾರು ಕಡೆ ಜನ ದಶಕಗಳಿಂದ ಬಿಸಿಲಲ್ಲಿ ನಿಂತು ಕಂಡುಕೊಂಡ ಸತ್ಯಗಳಿವೆ.

ಮಳೆ ಪುಸ್ತಕದ ಪಾಠ

ಶಿರಸಿ ಸೀಮೆಯ ತೋಟಿಗರಿಗೆ ಲೆಕ್ಕ ಇಡುವ ಗುಣ ಹೊಸದಲ್ಲ. ಅಂಗಳದಲ್ಲಿ ಮಳೆಮಾಪಕ ನಿಲ್ಲಿಸಿ, ಬೆಳಿಗ್ಗೆ ಎದ್ದ ಕೂಡಲೇ ಹಿಂದಿನ ದಿನದ ಮಳೆಯನ್ನು ಮಿಲಿಮೀಟರಿನಲ್ಲಿ ಬರೆದಿಡುವವರು ಇಲ್ಲಿದ್ದಾರೆ. ಒಂದು ದಿನದ ಅಂಕಿಗೆ ಬೆಲೆಯಿಲ್ಲ. ಒಂದು ವರ್ಷದ ಅಂಕಿಗೂ ಅಷ್ಟೇನಿಲ್ಲ. ಮೂವತ್ತು ವರ್ಷದ ಪುಸ್ತಕ ಮುಂದಿಟ್ಟುಕೊಂಡಾಗ ಮಾತ್ರ ಆರಿದ್ರಾ ಮಳೆ ಹಿಂದೆ ಬಿದ್ದಿದೆಯೇ, ಒಂದೇ ದಿನ ಸುರಿಯುವುದು ಹೆಚ್ಚಾಗಿದೆಯೇ ಎಂಬುದು ಕಣ್ಣಿಗೆ ಬೀಳುತ್ತದೆ. ಹಕ್ಕಿ ಗಣತಿಯೂ ಹೀಗೆಯೇ. ಇಂದು ಏರಿಯ ಮೇಲೆ ನಿಂತವರಿಗೆ ಅದರ ಫಲ ಇಂದೇ ಸಿಗುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಅದೇ ಏರಿಯ ಮೇಲೆ ನಿಲ್ಲುವವರಿಗೆ ಅದೊಂದು ಆಸ್ತಿಯಾಗುತ್ತದೆ.

ಹಿಂದಿನವರು ನಮಗಾಗಿ ಕೊಂಚ ಆಸ್ತಿ ಬಿಟ್ಟೂ ಹೋಗಿದ್ದಾರೆ. ಆಗಿನ ಉತ್ತರ ಕೆನರಾ ಜಿಲ್ಲೆಯಲ್ಲಿ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್‌ಸನ್ ಹಕ್ಕಿಗಳ ಬೆನ್ನು ಹತ್ತಿದವರು. ಈ ಜಿಲ್ಲೆಯ ಹಕ್ಕಿಗಳನ್ನು ಕುರಿತ ಅವರ ಬರಹ 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ರಂಜಿತ್ ಡೇನಿಯಲ್ಸ್ ಇಡೀ ಉತ್ತರ ಕನ್ನಡವನ್ನು ಸುತ್ತಿ, ಯಾವ ನೆಲದಲ್ಲಿ ಯಾವ ಹಕ್ಕಿ ಎಂಬುದನ್ನು ಗುರುತಿಸಿ ತಮ್ಮ ಸಂಶೋಧನಾ ಪ್ರಬಂಧ ಬರೆದರು. ಶಿರಸಿ ತಾಲ್ಲೂಕಿನ ಸೋಂದಾದ ಮುಂಡಿಗೆಕೆರೆಯಲ್ಲಿ ಮಳೆಗಾಲಕ್ಕೆ ಗೂಡು ಕಟ್ಟಲು ಬರುವ ಬೆಳ್ಳಕ್ಕಿಗಳ ಮೇಲೆ ಊರಿನ ಉತ್ಸಾಹಿಗಳು ವರ್ಷವರ್ಷವೂ ಕಣ್ಣಿಟ್ಟಿದ್ದಾರೆ. ಬೇಟೆಹಕ್ಕಿಗಳ ಲೆಕ್ಕ ಈ ಪರಂಪರೆಯ ಮುಂದಿನ ಪುಟ.

ಗಾಳಿಯೇ ಹಾದಿ

ದೊಡ್ಡ ಬೇಟೆಹಕ್ಕಿಗಳು ರೆಕ್ಕೆ ಬಡಿದು ಖಂಡಗಳನ್ನು ದಾಟುವುದಿಲ್ಲ. ಅಷ್ಟು ಶಕ್ತಿ ಅವಕ್ಕೆ ಪೂರೈಸದು. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬವನ್ನು ಹುಡುಕಿ, ರೆಕ್ಕೆ ಅಗಲಿಸಿ, ಸುತ್ತು ಸುತ್ತುತ್ತ ಎತ್ತರಕ್ಕೇರುತ್ತವೆ. ಸಾಕಷ್ಟು ಮೇಲೇರಿದ ಬಳಿಕ ಮುಂದಿನ ಕಂಬದತ್ತ ಜಾರುತ್ತವೆ. ಬೆಟ್ಟದ ಗೋಡೆಗೆ ಬಡಿದು ಮೇಲಕ್ಕೆ ತಿರುಗುವ ಗಾಳಿಯೂ ಇದೇ ಕೆಲಸಕ್ಕೆ ಒದಗುತ್ತದೆ. ಹಾಗಾಗಿ ಬೆಟ್ಟಸಾಲಿನ ಅಂಚು ಅವುಗಳ ಹೆದ್ದಾರಿ.

ನೀರಿನ ಮೇಲೆ ಈ ಬಿಸಿಗಾಳಿ ಏಳುವುದಿಲ್ಲ. ದೊಡ್ಡ ಸರೋವರ ಎದುರಾದರೆ ಹಕ್ಕಿ ದಂಡೆ ಹಿಡಿದು ಬಳಸಿ ಹೋಗುತ್ತದೆ. ಅಮೆರಿಕದ ಸುಪೀರಿಯರ್ ಸರೋವರದ ತುದಿಯಲ್ಲಿರುವ ಡುಲುತ್ ನಗರದ ಹಾಕ್ ರಿಜ್ ಬೆಟ್ಟ ಹೆಸರಾಗಿರುವುದು ಇದೇ ಕಾರಣಕ್ಕೆ. ಕೆನಡಾದ ಕಾಡುಗಳಿಂದ ದಕ್ಷಿಣಕ್ಕೆ ಹೊರಟ ಗಿಡುಗಗಳು ಆ ಸಮುದ್ರದಂಥ ನೀರನ್ನು ದಾಟಲಾರದೆ ದಂಡೆಯಗುಂಟ ಹರಿದು ಬಂದು ಒಂದೇ ಬೆಟ್ಟದ ನೆತ್ತಿಯ ಮೇಲೆ ಸೇರುತ್ತವೆ. 2003ರ ಸೆಪ್ಟೆಂಬರ್ 15ರಂದು ಅಲ್ಲಿ ಒಂದೇ ದಿನದ ಲೆಕ್ಕ ಒಂದು ಲಕ್ಷ ದಾಟಿತ್ತು. ಕಪ್ಪು ಸಮುದ್ರದ ದಂಡೆಯಲ್ಲಿರುವ ಜಾರ್ಜಿಯದ ಬಟೂಮಿಯಲ್ಲಿ ಶರತ್ಕಾಲವೊಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಬೇಟೆಹಕ್ಕಿಗಳು ದಾಟುತ್ತವೆ.

ನಮ್ಮ ಕೆರೆಗಳು ಹಕ್ಕಿಯ ದಾರಿ ಬಳಸುವಷ್ಟು ದೊಡ್ಡವಲ್ಲ. ಇಲ್ಲಿ ಕೆರೆ ಬೇಕಾಗುವುದು ಬೇರೆ ಎರಡು ಕಾರಣಕ್ಕೆ. ಮೊದಲನೆಯದು ಊಟ: ಮೀನು, ಬಾತು, ನಾಮದ ಕೋಳಿ, ಕಪ್ಪೆ, ಸುತ್ತಲ ಗದ್ದೆಯ ಇಲಿ ಮತ್ತು ಮಿಡತೆ. ಎರಡನೆಯದು ಆಕಾಶ. ಮಲೆನಾಡಿನಲ್ಲಿ ಮರಗಳ ಮರೆಯಿಂದಾಗಿ ಆಕಾಶ ಕಾಣುವುದೇ ಕಡಿಮೆ. ಅಡಿಕೆ ತೋಟದ ಕಣಿವೆಯಲ್ಲಿ ನಿಂತವರಿಗೆ ಅಂಗೈ ಅಗಲದ ಬಾನು ಮಾತ್ರ ಸಿಗುತ್ತದೆ. ಹಕ್ಕಿಯೊಂದು ದಾಟಿ ಹೋಗಲು ಎರಡು ಕ್ಷಣ ಸಾಕು. ಕೆರೆಯ ಏರಿ ಹತ್ತಿದರೆ ದಿಗಂತದಿಂದ ದಿಗಂತದವರೆಗೆ ಬಾನು ಬಿಚ್ಚಿಕೊಳ್ಳುತ್ತದೆ. ದೂರದಲ್ಲಿ ಚುಕ್ಕಿಯಾಗಿ ಕಂಡ ಹಕ್ಕಿ ಹತ್ತಿರ ಬಂದು, ತಿರುಗಿ, ಮರೆಯಾಗುವವರೆಗೂ ಹಿಂಬಾಲಿಸಬಹುದು. ಕದಂಬ ದೊರೆ ರವಿವರ್ಮನ ಶಾಸನ ಸಿಕ್ಕ ಗುಡ್ನಾಪುರದ ವಿಶಾಲ ಕೆರೆ ಶಿರಸಿ ತಾಲ್ಲೂಕಿನಲ್ಲೇ, ಬನವಾಸಿಯ ಪಕ್ಕದಲ್ಲೇ ಇದೆ. ಮುಂಡಗೋಡ ತಾಲ್ಲೂಕಿನಲ್ಲಿ ಅತ್ತಿವೇರಿ ಜಲಾಶಯ ಪಕ್ಷಿಧಾಮವೇ ಆಗಿದೆ. ಘಟ್ಟದ ಅಂಚಿಗೆ ನಿಲ್ಕುಂದ, ಬಯಲಿನಂಚಿಗೆ ಈ ಕೆರೆಗಳು. ಒಂದೇ ಸೀಮೆಯೊಳಗೆ ಗಾಳಿಯ ಹಾದಿಯೂ ಊಟದ ತಾಣವೂ ಇರುವುದು ನಮ್ಮ ಭಾಗ್ಯ.

ಕೋವಿ ಇಳಿಸಿದ ಬೆಟ್ಟ

ಬೇಟೆಹಕ್ಕಿಗಳನ್ನು ಕ್ರಮವಾಗಿ ಎಣಿಸುವ ಕೆಲಸ ಬೇರೂರಿದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಬೆಟ್ಟದಲ್ಲಿ. ಶರತ್ಕಾಲ ಬಂತೆಂದರೆ ಜನ ಕೋವಿ ಹಿಡಿದು ಅಲ್ಲಿಗೆ ಹೋಗಿ, ಸಾಲುಗಟ್ಟಿ ಬರುವ ಗಿಡುಗಗಳನ್ನು ಆಟಕ್ಕೆಂಬಂತೆ ಹೊಡೆದುರುಳಿಸುತ್ತಿದ್ದರು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ಮಹಿಳೆ ಆ ಬೆಟ್ಟವನ್ನೇ ಗುತ್ತಿಗೆಗೆ ಪಡೆದು ಬೇಟೆ ನಿಲ್ಲಿಸಿದರು. ಕಾವಲಿಗೆಂದು ಬಂದ ಮಾರಿಸ್ ಬ್ರೂನ್ ಅದೇ ವರ್ಷ ಅಲ್ಲಿ ನಿಂತು ಹಕ್ಕಿಗಳನ್ನು ಎಣಿಸತೊಡಗಿದರು. ಹಾಕ್ ಮೌಂಟನ್ ಎಂದು ಹೆಸರಾದ ಆ ಬೆಟ್ಟದ ಲೆಕ್ಕ, ಎರಡನೇ ಮಹಾಯುದ್ಧದ ನಡುವಿನ ವಿರಾಮ ಬಿಟ್ಟರೆ, ಇಂದಿಗೂ ನಡೆದುಬಂದಿದೆ.

ಆ ಲೆಕ್ಕದಿಂದ ಏನಾಯಿತು? ಬ್ರೂನ್ ಹಕ್ಕಿಗಳ ಒಟ್ಟು ಸಂಖ್ಯೆಯ ಜೊತೆಗೆ ಬೆಳೆದವು ಎಷ್ಟು, ಮರಿಗಳು ಎಷ್ಟು ಎಂದೂ ಬರೆದಿಟ್ಟಿದ್ದರು. ಬಿಳಿತಲೆಯ ಹದ್ದುಗಳಲ್ಲಿ 1935ರಿಂದ 1939ರವರೆಗೆ ಶೇ 40ರಷ್ಟು ಮರಿಹಕ್ಕಿಗಳಿದ್ದರೆ, 1955ರಿಂದ 1959ರ ಹೊತ್ತಿಗೆ ಅದು ಶೇ 20ಕ್ಕೆ ಇಳಿದಿತ್ತು. ಬೆಳೆದ ಹದ್ದುಗಳು ಬರುತ್ತಿದ್ದವು, ಹೊಸ ಪೀಳಿಗೆ ಕುಗ್ಗುತ್ತಿತ್ತು. ರೇಚಲ್ ಕಾರ್ಸನ್ 1962ರ ತಮ್ಮ ‘ಸೈಲೆಂಟ್ ಸ್ಪ್ರಿಂಗ್’ ಕೃತಿಯಲ್ಲಿ ಈ ಅಂಕಿಗಳನ್ನು ಕೀಟನಾಶಕಗಳ ವಿರುದ್ಧ ಸಾಕ್ಷ್ಯವಾಗಿ ಮುಂದಿಟ್ಟರು. ಡಿಡಿಟಿ ಎಂಬ ಕೀಟನಾಶಕ ಹಕ್ಕಿಗಳ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತದೆ ಎಂಬುದು ಮುಂದೆ ಸಾಬೀತಾಯಿತು. 1972ರಲ್ಲಿ ಅಮೆರಿಕ ಕೃಷಿಯಲ್ಲಿ ಅದರ ಬಳಕೆ ನಿಷೇಧಿಸಿತು. ಬೆಟ್ಟದ ಮೇಲೆ ದುರ್ಬೀನು ಹಿಡಿದು ನಿಂತವರಿಗೆ ತಾವು ಒಂದು ವಿಷದ ವಿರುದ್ಧ ಸಾಕ್ಷಿ ನುಡಿಯುತ್ತಿದ್ದೇವೆಂದು ಮೊದಲೇ ಗೊತ್ತಿರಲಿಲ್ಲ. ಬಿಟ್ಟೂಬಿಡದೆ ಬರೆದಿಟ್ಟದ್ದರಿಂದ ಸಾಕ್ಷ್ಯ ಉಳಿಯಿತು.

ನಮ್ಮ ದೇಶದಲ್ಲೂ ಇಂಥದೇ ಪಾಠವಿದೆ, ಅದೂ ಒಂದು ಜೌಗುನೆಲದ್ದೇ. ರಾಜಸ್ಥಾನದ ಭರತ್‌ಪುರದ ಕೇವಲಾದೇವ ಉದ್ಯಾನದಲ್ಲಿ ವಿಭು ಪ್ರಕಾಶ್ ರಣಹದ್ದುಗಳ ಗೂಡುಗಳನ್ನು ಎಣಿಸಿದ್ದರು. 1987–88ರಲ್ಲಿ ಗೂಡು ಕಟ್ಟಿದ್ದ ಬಿಳಿಬೆನ್ನಿನ ರಣಹದ್ದುಗಳು 353 ಜೋಡಿ. ಸುಮಾರು ಒಂದು ದಶಕದ ನಂತರ ಅಲ್ಲೇ ಎಣಿಸಿದಾಗ ಅರ್ಧಕ್ಕೂ ಕಡಿಮೆ. ದೇಶ ಬೆಚ್ಚಿದ್ದು ಆಗ. ದನಗಳಿಗೆ ನೋವು ನಿವಾರಕವಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್ ಕಾರಣವೆಂದು 2004ರ ಹೊತ್ತಿಗೆ ತಿಳಿಯಿತು, 2006ರಲ್ಲಿ ಪಶುವೈದ್ಯಕೀಯದಲ್ಲಿ ಅದರ ಬಳಕೆಗೆ ನಿಷೇಧ ಬಂತು. ಹಳೆಯ ಲೆಕ್ಕ ಇಲ್ಲದಿದ್ದರೆ ‘ಮೊದಲು ಬಹಳ ಇದ್ದವಪ್ಪ’ ಎಂಬ ಮಾತಷ್ಟೇ ಉಳಿಯುತ್ತಿತ್ತು. ಆ ಮಾತಿನಿಂದ ಯಾವ ಔಷಧವೂ ನಿಷೇಧವಾಗುತ್ತಿರಲಿಲ್ಲ.

ದೋಯಾಂಗ್ ಜಲಾಶಯದಿಂದ ನಮ್ಮ ನೆತ್ತಿಯವರೆಗೆ

ಶರತ್ಕಾಲದ ಬೇಟೆಹಕ್ಕಿ, ಜಲಾಶಯದ ದಂಡೆ – ಈ ಎರಡೂ ಕೂಡಿದ ಭಾರತದ ಅತಿ ದೊಡ್ಡ ಕಥೆ ನಾಗಾಲ್ಯಾಂಡಿನದು. ವೋಖಾ ಜಿಲ್ಲೆಯ ದೋಯಾಂಗ್ ಜಲಾಶಯದ ಸುತ್ತ ಅಕ್ಟೋಬರ್–ನವೆಂಬರಿನಲ್ಲಿ ಅಮೂರ್ ಚಾಣಗಳು ಬಾನು ಮುಚ್ಚುವಷ್ಟು ಸೇರುತ್ತವೆ. ಪಾರಿವಾಳಕ್ಕಿಂತ ಚಿಕ್ಕದಾದ, ಸುಮಾರು 150 ಗ್ರಾಂ ತೂಗುವ ಈ ಹಕ್ಕಿ ಆಗ್ನೇಯ ಸೈಬೀರಿಯ ಮತ್ತು ಉತ್ತರ ಚೀನಾದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಆಫ್ರಿಕದ ದಕ್ಷಿಣಕ್ಕೆ ಹೋಗುತ್ತದೆ. ದಾರಿಯಲ್ಲಿ ಮೈತುಂಬ ಕೊಬ್ಬು ತುಂಬಿಕೊಳ್ಳಲು, ಮಳೆ ಮುಗಿದ ಮೇಲೆ ಹಾರುವ ಗೆದ್ದಲು ಹುಳುಗಳ ಸುಗ್ಗಿಗೆ ನಾಗಾಲ್ಯಾಂಡಿನಲ್ಲಿ ಇಳಿಯುತ್ತದೆ.

2012ರ ಅಕ್ಟೋಬರಿನಲ್ಲಿ ಶಶಾಂಕ್ ದಳವಿ, ರಾಮ್ಕಿ ಶ್ರೀನಿವಾಸನ್, ಬಾನೊ ಹರಾಲು ಮತ್ತಿತರರಿದ್ದ ತಂಡ ಅಲ್ಲಿಗೆ ಹೋದಾಗ ಕಂಡದ್ದು ಬಲೆಗಳಲ್ಲಿ ಸಿಕ್ಕಿ ನೇತಾಡುತ್ತಿದ್ದ ಸಾವಿರಾರು ಚಾಣಗಳು. ಒಂದು ಋತುವಿನಲ್ಲಿ 1.2ರಿಂದ 1.4 ಲಕ್ಷ ಹಕ್ಕಿಗಳು ಸಾಯುತ್ತಿವೆ ಎಂದು ಅವರು ಅಂದಾಜಿಸಿದರು. ದೇಶವನ್ನು ನಡುಗಿಸಿದ್ದು ಆ ಅಂಕಿ ಮತ್ತು ಚಿತ್ರಗಳು. ಆದರೆ ಹಕ್ಕಿಗಳನ್ನು ಉಳಿಸಿದ್ದು ಊರಿನವರು. ಪಾಂಗ್ಟಿ ಮತ್ತು ಸುತ್ತಲ ಹಳ್ಳಿಗಳು ತಾವೇ ಬೇಟೆ ನಿಷೇಧಿಸಿದವು. 2013ರ ಶರತ್ಕಾಲದಲ್ಲಿ ಅಲ್ಲಿ ಬಲೆಗಳು ಏಳಲಿಲ್ಲ. ಆ ನವೆಂಬರಿನಲ್ಲೇ ಮೂರು ಚಾಣಗಳ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ನಾಗಾ, ವೋಖಾ, ಪಾಂಗ್ಟಿ ಎಂಬ ಹೆಸರಿಟ್ಟು ಹಾರಿಬಿಡಲಾಯಿತು. ಹೀಗೆ ಸಾಧನ ಹೊತ್ತ ಚಾಣಗಳು ಭಾರತದ ಪರ್ಯಾಯದ್ವೀಪವನ್ನು ದಾಟಿ, ಅರಬ್ಬಿ ಸಮುದ್ರದ ಮೇಲೆ ಎಲ್ಲೂ ಇಳಿಯದೆ ಹಗಲು ರಾತ್ರಿ ಹಾರಿ ಆಫ್ರಿಕ ಮುಟ್ಟುವುದು ನಕ್ಷೆಯ ಮೇಲೆ ಸ್ಪಷ್ಟವಾಯಿತು.

ಆ ದಾರಿಯಲ್ಲಿ ಪಶ್ಚಿಮ ಘಟ್ಟವಿದೆ. ನವೆಂಬರ್–ಡಿಸೆಂಬರಿನಲ್ಲಿ ಘಟ್ಟದಂಚಿನ ಹುಲ್ಲುಗಾವಲುಗಳಲ್ಲಿ ಅಮೂರ್ ಚಾಣಗಳ ಗುಂಪು ಕೆಲವು ದಿನ ತಂಗಿ ಮುಂದೆ ಹೋಗುವುದುಂಟು. ಅದೇ ವಾರಗಳಲ್ಲಿ ಏರೋಪ್ಲೇನ್ ಚಿಟ್ಟೆಗಳ ಒಂದು ಜಾತಿಯೂ ಅರಬ್ಬಿ ಸಮುದ್ರ ದಾಟುತ್ತದೆ. ಮಾಲ್ಡೀವ್ಸ್‌ಗೆ ಅವು ಬರುವುದನ್ನು ವರ್ಷಗಟ್ಟಲೆ ಗಮನಿಸಿದ ಚಾರ್ಲ್ಸ್ ಆಂಡರ್‌ಸನ್ 2009ರಲ್ಲಿ ಒಂದು ವಾದ ಮುಂದಿಟ್ಟರು: ಎರಡೂ ಒಂದೇ ಹಿಂಬದಿ ಗಾಳಿಯನ್ನು ಹಿಡಿದು ಹೋಗುತ್ತವೆ, ಸಮುದ್ರದ ನಡುವೆ ಚಾಣಕ್ಕೆ ಆ ಚಿಟ್ಟೆಗಳೇ ಬುತ್ತಿಯಾಗಿರಬಹುದು. ನಮ್ಮ ಗದ್ದೆ ಕೊಯ್ಲಿನ ಕಾಲಕ್ಕೆ ಅಂಗಳದ ಮೇಲೆ ಗುಂಪಾಗಿ ತೇಲುವ ಚಿಟ್ಟೆಗಳಿಗೂ ಸೈಬೀರಿಯದ ಹಕ್ಕಿಗೂ ಇರಬಹುದಾದ ಈ ನಂಟು ಎಂಥ ಅಚ್ಚರಿಯದು!

ಹುಲ್ಲಿನಲ್ಲಿ ಮಲಗುವ ಸೆಳೆವಗಳು

ಕನ್ನಡದ ಪಕ್ಷಿಪುಸ್ತಕಗಳು ಸೆಳೆವ ಎಂದು ಕರೆಯುವ ಹ್ಯಾರಿಯರ್‌ಗಳು ದಾಟಿ ಹೋಗುವ ಅತಿಥಿಗಳಲ್ಲ, ಇಲ್ಲೇ ಚಳಿಗಾಲ ಕಳೆಯುವವು. ಹಗಲೆಲ್ಲ ಹುಲ್ಲಿನ ಮೇಲೆ, ಗದ್ದೆಯ ಮೇಲೆ ಆಳೆತ್ತರದಲ್ಲಿ ತೇಲುತ್ತ ಮಿಡತೆ, ಇಲಿ, ಸಣ್ಣ ಹಕ್ಕಿ ಹಿಡಿಯುತ್ತವೆ. ಸಂಜೆ ಮರ ಏರುವುದಿಲ್ಲ. ಎತ್ತರದ ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಈ ಗುಣವೇ ಎಣಿಸುವವರಿಗೆ ಅನುಕೂಲ. ದಿನವಿಡೀ ಮೈಲಿಗಟ್ಟಲೆ ಚದುರಿದ ಹಕ್ಕಿಗಳು ಸೂರ್ಯ ಮುಳುಗುವ ಮುನ್ನ ಒಂದೇ ಬಯಲಿಗೆ ಬರುತ್ತವೆ. ಗುಜರಾತಿನ ವೇಳಾವದರ ಕೃಷ್ಣಮೃಗ ಉದ್ಯಾನ ಇಂಥ ಮಲಗುತಾಣಕ್ಕೆ ಜಗತ್ಪ್ರಸಿದ್ಧ.

ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಎಂ.ಬಿ. ಪ್ರಶಾಂತ್ ದೇಶದ ಹಲವು ಮಲಗುತಾಣಗಳ ಲೆಕ್ಕಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ಮೂರು ದಶಕಗಳಲ್ಲಿ ಚಳಿಗಾಲಕ್ಕೆ ಬರುವ ಸೆಳೆವಗಳು ಇಳಿಮುಖವಾಗಿರುವ ಸೂಚನೆ ಅದರಲ್ಲಿತ್ತು. 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ಚಿತ್ರವನ್ನು ಇನ್ನಷ್ಟು ದೊಡ್ಡದಾಗಿ ತೋರಿಸಿತು. ಸುಮಾರು 30 ಸಾವಿರ ಹಕ್ಕಿವೀಕ್ಷಕರು ದಾಖಲಿಸಿದ್ದನ್ನು ಆಧರಿಸಿದ ಆ ವರದಿಯ ಪ್ರಕಾರ, ದೀರ್ಘಕಾಲದ ಏರಿಳಿತ ತಿಳಿಯಲು ಸಾಧ್ಯವಾದ 338 ಜಾತಿಗಳಲ್ಲಿ ಶೇ 60ರಷ್ಟು ಕುಸಿದಿವೆ. ಹೆಚ್ಚು ಪೆಟ್ಟು ತಿಂದವುಗಳಲ್ಲಿ ಬೇಟೆಹಕ್ಕಿಗಳೂ ಇವೆ, ವಲಸೆ ಬರುವ ಬಾತು ಮತ್ತು ದಂಡೆಹಕ್ಕಿಗಳೂ ಇವೆ.

ಕಾರಣಗಳು ನಮ್ಮ ಕಣ್ಣೆದುರೇ ಇವೆ. ಹುಲ್ಲುಗಾವಲು ಸರ್ಕಾರಿ ಕಡತದಲ್ಲಿ ಬಂಜರು. ಅದನ್ನು ಉಳುವುದೂ, ಅಲ್ಲಿ ಅಕೇಶಿಯಾ ನೆಡುವುದೂ ಅಭಿವೃದ್ಧಿಯೆನಿಸಿಕೊಳ್ಳುತ್ತದೆ. ಮಲೆನಾಡಿನ ಬ್ಯಾಣಗಳು, ಅಂದರೆ ದನ ಮೇಯುವ ತೆರೆದ ಹುಲ್ಲುಗುಡ್ಡಗಳು, ತೋಟಗಳಾಗಿ ಬದಲಾಗುತ್ತಿವೆ. ಗದ್ದೆಗೆ ಸುರಿದ ಕೀಟನಾಶಕ ಮಿಡತೆಯ ಮೂಲಕ, ಇಲಿಗಿಟ್ಟ ಪಾಷಾಣ ಇಲಿಯ ಮೂಲಕ ಹಕ್ಕಿಯ ಹೊಟ್ಟೆ ಸೇರುತ್ತದೆ. ಆಹಾರ ಸರಪಣಿಯ ತುದಿಯಲ್ಲಿರುವವರಿಗೆ ಕೆಳಗಿನವರ ವಿಷವೆಲ್ಲ ಸಂಗ್ರಹವಾಗಿ ಬರುತ್ತದೆ. ಬೇಟೆಹಕ್ಕಿಯ ಲೆಕ್ಕ ಒಂದು ಅರ್ಥದಲ್ಲಿ ನಮ್ಮ ಗದ್ದೆ, ನೀರು, ಅನ್ನದ ಲೆಕ್ಕವೂ ಹೌದು.

ಏರಿಯ ಮೇಲೆ ಎಣಿಸುವ ಬಗೆ

ಮೊದಲು ಮನೆಯವರನ್ನು ಗುರುತಿಸಬೇಕು, ಆಮೇಲೆ ನೆಂಟರನ್ನು. ವರ್ಷವಿಡೀ ಕಾಣುವ ಹದ್ದಿಗೆ ಕವಲೊಡೆದ ಬಾಲ. ಗರುಡನಿಗೆ ಬಿಳಿ ಎದೆ, ಇಟ್ಟಿಗೆಗೆಂಪು ರೆಕ್ಕೆ. ರಥೋತ್ಸವದ ದಿನ ತೇರಿನ ಮೇಲೆ ಗರುಡ ಸುತ್ತುವುದನ್ನು ಕಾದು ನೋಡುವ ನಮ್ಮ ಜನಕ್ಕೆ ಇದನ್ನು ಹೇಳಿಕೊಡಬೇಕಿಲ್ಲ. ಬಿಸಿಲೇರಿದ ಮೇಲೆ ಕಾಡಿನ ಮೇಲೆ ಕೂಗುತ್ತ ಸುತ್ತುವುದು ಹಾವುಗಿಡುಗ. ಅಗಲ ರೆಕ್ಕೆಯ ಅಂಚಿನಿಂದ ತುಸು ಒಳಗೆ ದಪ್ಪ ಬಿಳಿಪಟ್ಟಿ.

ಇನ್ನು ಹೊರಗಿನಿಂದ ಬಂದವು. ಜೊಂಡಿನ ಮೇಲೆ ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು ನಿಧಾನವಾಗಿ ತೇಲುವುದು ಜೌಗು ಸೆಳೆವ. ಹೆಣ್ಣಾದರೆ ಕಂದು ಮೈ, ಕೆನೆಬಣ್ಣದ ತಲೆ. ಅದು ಬಂದದ್ದನ್ನು ಮೊದಲು ಸಾರುವುದು ನೀರಿನ ಮೇಲೆ ಗದ್ದಲವೆಬ್ಬಿಸಿ ಮೇಲೇಳುವ ನಾಮದ ಕೋಳಿಗಳು ಮತ್ತು ಬಾತುಗಳು. ನೀರಿನ ಮೇಲೆ ಎತ್ತರದಲ್ಲಿ ನಿಂತಲ್ಲೇ ರೆಕ್ಕೆ ಬಡಿದು, ಕಾಲು ಮುಂದೆ ಚಾಚಿ ಧುಮುಕುವುದು ಆಸ್ಪ್ರೇ. ಜಾರುವ ಮೀನನ್ನು ಬಿಡದೆ ಹಿಡಿಯಲು ಅದರ ಪಾದದಡಿ ಮುಳ್ಳಿನಂಥ ಒರಟು ಹುರುಪೆಗಳಿವೆ, ಹೊರಬೆರಳು ಹಿಂದಕ್ಕೂ ತಿರುಗುತ್ತದೆ. ಬ್ಯಾಣದ ಮೇಲೆ ಗಾಳಿಯಲ್ಲಿ ನಿಂತು ನೆಲ ದಿಟ್ಟಿಸುವುದು ಕೆಸ್ಟ್ರೆಲ್. ಬಾತುಗಳ ಹಿಂಡಿನ ಮೇಲೆ ಕಲ್ಲು ಬಿದ್ದಂತೆ ಎರಗುವುದು ಪೆರಿಗ್ರಿನ್. ತಂಡ್ರಾದಲ್ಲಿ ಹುಟ್ಟಿದ ಪೆರಿಗ್ರಿನ್‌ಗಳು ಚಳಿಗಾಲಕ್ಕೆ ನಮ್ಮ ಕೆರೆಗಳವರೆಗೂ ಬರುತ್ತವೆ.

ಎಣಿಕೆಗೆ ಬೇಕಾದದ್ದು ಒಂದು ಸಾಧಾರಣ ದುರ್ಬೀನು, ಒಂದು ನೋಟ್‌ಬುಕ್, ಗಡಿಯಾರ, ಇಬ್ಬರು ಮೂವರು ಜೊತೆಗಾರರು. ಒಬ್ಬರು ಬಾನು ನೋಡಿದರೆ ಇನ್ನೊಬ್ಬರು ಬರೆಯಬೇಕು. ನಿಲ್ಲುವ ಜಾಗ ಬದಲಾಗಬಾರದು. ಬೆಳಿಗ್ಗೆ ನೆಲ ಕಾದು ಬಿಸಿಗಾಳಿ ಏಳತೊಡಗಿದ ಮೇಲೆ ಮಧ್ಯಾಹ್ನದವರೆಗೆ ದಾಟುವ ಹಕ್ಕಿಗಳ ಲೆಕ್ಕ. ಸೂರ್ಯ ಮುಳುಗುವ ಒಂದು ಗಂಟೆ ಮುಂಚಿನಿಂದ ಕತ್ತಲಾಗುವವರೆಗೆ ಮಲಗಲು ಬರುವ ಸೆಳೆವಗಳ ಲೆಕ್ಕ. ಗಂಟೆಗೊಂದು ಸಾಲು: ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು, ಯಾವ ಹಕ್ಕಿ, ಎಷ್ಟು, ಯಾವ ದಿಕ್ಕಿಗೆ, ಗಂಡೋ ಹೆಣ್ಣೋ ಮರಿಯೋ. ಗುಂಪು ಬಿಸಿಗಾಳಿಯಲ್ಲಿ ಸುತ್ತುತ್ತಿರುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಮೇಲೇರಿ ಒಂದರ ಹಿಂದೊಂದು ಜಾರಿ ಹೊರಡುವಾಗ ಎಣಿಸಬೇಕು. ಗುರುತು ಸಿಗದ್ದನ್ನು ‘ಗುರುತಾಗದ ಬೇಟೆಹಕ್ಕಿ’ ಎಂದೇ ಬರೆಯಬೇಕು, ಊಹಿಸಿ ಹೆಸರಿಡಬಾರದು. ಏನೂ ಕಾಣದ ಗಂಟೆಗೆ ಸೊನ್ನೆ ಬರೆಯಬೇಕು. ಸೊನ್ನೆ ಬರೆಯದ ಪುಸ್ತಕ ಸುಳ್ಳು ಹೇಳುತ್ತದೆ, ಏಕೆಂದರೆ ಹಕ್ಕಿ ಬರಲಿಲ್ಲವೋ ನೋಡುವವರು ಬರಲಿಲ್ಲವೋ ಎಂಬುದು ಮುಂದೆ ಯಾರಿಗೂ ತಿಳಿಯುವುದಿಲ್ಲ.

ಮಲಗುತಾಣದ ಹತ್ತಿರ ಹೋಗುವುದು, ಫೋಟೊಗಾಗಿ ಹಕ್ಕಿಯನ್ನು ಎಬ್ಬಿಸುವುದು ಸಲ್ಲದು. ಸಾವಿರಾರು ಕಿಲೋಮೀಟರ್ ಹಾರಿ ಬಂದ ಜೀವಕ್ಕೆ ಒಂದು ರಾತ್ರಿಯ ನಿದ್ದೆ ದೊಡ್ಡದು.

ಯಾರು ಶುರು ಮಾಡಬೇಕು?

ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದರ ಪಕ್ಕಕ್ಕೆ ಶರತ್ಕಾಲದ ಬೇಟೆಹಕ್ಕಿ ಗಣತಿಯೂ ನಿಲ್ಲಬೇಕು. ವಲಸೆ ಬೇಟೆಹಕ್ಕಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 2016ರಲ್ಲಿ ಸಹಿ ಹಾಕಿದೆ. ಆ ಸಹಿಗೆ ಜೀವ ಬರುವುದು ಕೆರೆಯೇರಿಗಳ ಮೇಲೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಶಿರಸಿ, ಸಿದ್ದಾಪುರ, ಮುಂಡಗೋಡ ಮೂರೂ ತಾಲ್ಲೂಕುಗಳಲ್ಲಿ ಪ್ರೌಢಶಾಲೆಗಳಿವೆ, ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ಸಮಿತಿ ಇರಬೇಕೆಂದು ಕಾನೂನಿದೆ. ಚಿತ್ತಾ ಮಳೆಯಿಂದ ವಿಶಾಖ ಮಳೆಯವರೆಗೆ, ವಾರಕ್ಕೊಂದು ದಿನ, ಗುಡ್ನಾಪುರದಲ್ಲೊಂದು ತಂಡ, ಅತ್ತಿವೇರಿಯಲ್ಲೊಂದು, ನಿಲ್ಕುಂದದ ಘಟ್ಟದಂಚಿನಲ್ಲೊಂದು ನಿಂತರೆ ಸಾಕು. ಅಡಿಕೆ ಕೊನೆಕೊಯ್ಲಿನ ಗಡಿಬಿಡಿ ಶುರುವಾಗುವ ಮುನ್ನ ಋತುವಿನ ಲೆಕ್ಕ ಮುಗಿದಿರುತ್ತದೆ.

ಹತ್ತು ವರ್ಷ ಹೀಗೆ ನಡೆದರೆ, ಜೌಗು ಸೆಳೆವ ಮೊದಲು ಕಾಣುವ ದಿನ ಹಿಂದೆ ಮುಂದೆ ಆಗುತ್ತಿದೆಯೇ ಎಂದು ಹೇಳಬಲ್ಲೆವು. ಮರಿಹಕ್ಕಿಗಳ ಪಾಲು ಕುಗ್ಗುತ್ತಿದೆಯೇ ಎಂದು ಹೇಳಬಲ್ಲೆವು. ಜೊಂಡು ಸುಟ್ಟ ವರ್ಷ, ಕೆರೆ ಒತ್ತುವರಿಯಾದ ವರ್ಷ, ಗದ್ದೆಗೆ ಹೊಸ ವಿಷ ಬಂದ ವರ್ಷ ಏನಾಯಿತೆಂದು ಕೈಯಲ್ಲಿ ಪುಸ್ತಕ ಹಿಡಿದು ಕಚೇರಿಯ ಮೆಟ್ಟಿಲು ಹತ್ತಬಲ್ಲೆವು. ಪಾಂಗ್ಟಿಯ ಜನಕ್ಕೆ ತಮ್ಮ ಆಕಾಶದ ಹಕ್ಕಿಗಳನ್ನು ಕಾಯಲು ಒಂದೇ ವರ್ಷ ಸಾಕಾಯಿತು. ನಮಗೆ ಇಳಿಸಬೇಕಾದ ಬಲೆಗಳಿಲ್ಲ, ತೆಗೆಯಬೇಕಾದದ್ದು ಒಂದು ನೋಟ್‌ಬುಕ್. ಬರುವ ಚಿತ್ತಾ ಮಳೆಯ ಮೊದಲ ಬಿಡುವಿನಲ್ಲೇ ಅದರ ಮೊದಲ ಪುಟಕ್ಕೆ ತಾರೀಖು ಬರೆಯೋಣ.